ಗೋಲಿನ ಮುಂದೆ ನಿಂತ ಜೀಪು

ನಮ್ಮ ಗೋಲ್‌ಕೀಪರ್ ಶನಿವಾರ ಸಂಜೆ ಗಣೇಶಗುಡಿಯ ರೆಸಾರ್ಟೊಂದರಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ, ಭಾನುವಾರ ದಾಂಡೇಲಿಯ ಮೈದಾನದಲ್ಲಿ ನಮಗಾಗಿ ಮಣ್ಣಿಗೆ ಬೀಳುತ್ತಿದ್ದ. ಚೆಂಡು ಎಷ್ಟೇ ದೂರವಿರಲಿ, ಅಂಗೈ ಉಜ್ಜಿಕೊಳ್ಳುತ್ತ "ಬರ್ಲಿ ಬರ್ಲಿ, ನಾ ಅದೇನಿ" ಎನ್ನುತ್ತಿದ್ದ. ಅವನ ಅವ್ವ ಗೋಲಿನ ಪಕ್ಕ ಕೂತು ನಮಗೆಲ್ಲ ಚುರಮುರಿ ಕಲಸುತ್ತಿದ್ದಳು.

ಒಂದು ಭಾನುವಾರ ಆ ರೆಸಾರ್ಟಿನ ಮಾಲೀಕ, ಆಟ ನಡೆದಿರುವಾಗಲೇ, ಪ್ರವಾಸಿಗರು ತುಂಬಿದ್ದ ಜೀಪನ್ನು ಗೋಲಿನ ಮುಂದಕ್ಕೆ ನುಗ್ಗಿಸಿದ.

"ಏ ಮುದಕಿ, ಏಳ! ಗಾಡಿ ಹಚ್ಚಬೇಕು."

ಅವ್ವ ಗಾಬರಿಯಿಂದ ಎದ್ದಳು. ಚುರಮುರಿಯೆಲ್ಲ ಮಣ್ಣುಪಾಲಾಯಿತು. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

"ಸಾಹುಕಾರ್ರ, ಆಕಿ ನಮ್ಮವ್ವ," ಎಂದ ಗೋಲ್‌ಕೀಪರ್.

"ಆದ್ರ ಏನಾತು? ನೀ ನನ್ನ ಕಡೆ ಹಾಡಾಂವ. ಸುಮ್ನ ಸರಿ."

ಅವನು ಸರಿಯಲಿಲ್ಲ. ಜೀಪಿನೊಳಗೆ ಕೈ ಹಾಕಿ ಚಾವಿ ಕಿತ್ತುಕೊಂಡು ಅವ್ವನ ಕೈಗಿಟ್ಟ. "ಅವ್ವಾ, 'ರೀ' ಹಚ್ಚಿ ಕೇಳಿದ್ರಷ್ಟ ಕೊಡು."

ಮಾಲೀಕ ಬೈದ, ಪೊಲೀಸರ ಹೆಸರು ಹೇಳಿದ. ನಾವೆಲ್ಲ ಜೀಪನ್ನು ಸುತ್ತುವರಿದೆವು. ಪ್ರವಾಸಿಗರು ಒಬ್ಬೊಬ್ಬರಾಗಿ ಇಳಿದು ನಡೆದುಹೋದ ಮೇಲೆ ಅವನ ದನಿ ತಗ್ಗಿತು.

"ಚಾವಿ ಕೊಡ್ರಿ, ಅವ್ವಾರ."

ಅವ್ವ ಕೊಟ್ಟಳು. ಮಗನ ಹಾಡುವ ಕೆಲಸ ಅಲ್ಲಿಗೇ ಹೋಯಿತು. ಮನೆಯ ದಾರಿಯಲ್ಲಿ ಅವಳು ಇದ್ದಕ್ಕಿದ್ದಂತೆ ನಿಂತು ಮಗನನ್ನೇ ಗದರಿದಳು:

"ಕೊಡು ಅಂತ ಯಾಕ ಹೇಳಿದಿ? ಚಾವಿ ಕಾಳಿ ಹೊಳ್ಯಾಗ ಒಗೀತಿದ್ದೆ!"