ಹಳೇ ವಿಳಾಸಕ್ಕೊಂದು ಸಾಲು
ಮಾರಿಕುಪ್ಪಂ ರೈಲಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಹಲ್ಲುಕಚ್ಚಿ ಕೂತವಳೇ ಸುಮಿತಾ, ವೆಬ್‌ಸೈಟ್ ಕಟ್ಟಲು ಕಲಿಯುತ್ತಿರುವವಳು. ‘ಪುಟ ಸಿಗಲಿಲ್ಲ, 404’ ಎಂದು ಪರದೆ ಹೇಳಿದರೆ ಅವಳಿಗೆ ಮೈಯೆಲ್ಲ ಉರಿ. ಮೊದಲು ಸ್ಪೆಲಿಂಗ್ ನೋಡುತ್ತಾಳೆ, ಆಮೇಲೆ ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡುತ್ತಾಳೆ, ಕೊನೆಗೆ “ಇಲ್ಲೇ ಐತಲ್ಲ, ಕಣ್ ಕಾಣಲ್ವಾ ನಿಂಗೆ?” ಎಂದು ಅದನ್ನೇ ಬೈಯುತ್ತಾಳೆ. ಪುಟದ ವಿಳಾಸವನ್ನು ತಾನೇ ಬದಲಿಸಿ, ಅಲ್ಲಿಗೆ ಕರೆದೊಯ್ಯುವ ಬಟನ್ನಿನಲ್ಲಿ ಹಳೆಯದನ್ನೇ ಬಿಡುವುದು ಅವಳ ಕಾಯಂ ತಪ್ಪು. ಇವತ್ತು ಬಂಗಾರಪೇಟೆಯಲ್ಲಿ ಪರೀಕ್ಷೆ. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ತಪ್ಪು ಸಿಕ್ಕಿತು. ತಿದ್ದಿದವಳು, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸಾಲನ್ನೂ ಸೇರಿಸಿದಳು. “ಅಲ್ಲಿಗಿನ್ಯಾರ್ ಬತ್ತಾರೆ ಕಣೇ?” ಎಂದಳು ಪಕ್ಕದಲ್ಲಿ ಕೂತಿದ್ದ ಗೆಳತಿ ರೂಪ. ಸುಮಿತಾ ಆ ಸಾಲನ್ನು ಸೇವ್ ಮಾಡಿದಳು. ಮನೆ ಬದಲಿಸಿ ಆರು ವರ್ಷವಾದರೂ ಹಳೆಯ ಕ್ವಾರ್ಟರ್ಸಿನ ಬಾಗಿಲ ಮೇಲೆ ಹೊಸ ಮನೆಯ ದಾರಿಯನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾಳೆ, ಅಳಿಸಿಹೋದಾಗಲೆಲ್ಲ ಮತ್ತೆ ಬರೆಯುತ್ತಾಳೆ. ಅದಕ್ಕೂ ಮೊದಲೇ ಜಗಳವಾಡಿ ಮನೆಬಿಟ್ಟು ಹೋದ ತಮ್ಮನಿಗೆ ಗೊತ್ತಿರುವುದು ಅದೊಂದೇ ಬಾಗಿಲು.