ಬಲಗಿವಿಯ ಕುಶನ್

“ಮೇಡಂ, ತಪ್ ತಿಳ್ಕಬ್ಯಾಡಿ. ನಿಮ್ಗೆ ಬಲಗಿವಿ ಕೇಳ್ಸಕಿಲ್ವಾ?”

ಹಾಸನದ ಅಂಗಡಿಯೊಂದರ ಕೌಂಟರಿನ ಆಚೆಯಿಂದ ಈ ಪ್ರಶ್ನೆ ಬಂದಾಗ ನನಗೆ ಸಿಟ್ಟೇ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನಾನು. ಕೊನೆಯ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರು ಅಂತ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದೆ. ನನ್ನ ಕಿವಿಯ ಮೇಲೆ ಅನುಮಾನವೇ?

ಅಂಗಡಿಯ ಕುಮಾರ (ಕಟ್ಟಾಯದ ಕಡೆಯವನು, ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದಿಂದ ಪರಿಚಯ) ನನ್ನ ಹಳೆಯ ಹೆಡ್‌ಫೋನನ್ನು ತಿರುಗಿಸಿ ತೋರಿಸಿದ. ಎಡಗಡೆಯ ಕುಶನ್ ಸಿಪ್ಪೆ ಸುಲಿದು, ಒಳಗಿನ ಸ್ಪಂಜು ಹೊರಗೆ ಬಂದಿತ್ತು. ಬಲಗಡೆಯದು ನಿನ್ನೆ ತಾನೇ ಬಾಕ್ಸಿನಿಂದ ತೆಗೆದ ಹಾಗಿತ್ತು. ಆರು ವರ್ಷ ಬಳಸಿದ ಹೆಡ್‌ಫೋನ್, ಅರ್ಧ ಹೊಸದು!

ಕಿವಿ ನೆಟ್ಟಗಿದೆಯಪ್ಪ, ಹೊಸದು ತೋರಿಸು ಅಂದೆ. ಕಾರಣ ಹೇಳಲಿಲ್ಲ. ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಬೇರೊಂದು ಸದ್ದಿಲ್ಲದೆ ಒಂದು ಹಾಡನ್ನು ಪೂರ್ತಿ ಕೇಳಬೇಕು. ಇದು ನನ್ನ ಜೀವಮಾನದ ಆಸೆ. ದೊಡ್ಡ ಆಸೆಯೇನಲ್ಲ ತಾನೇ? ಹೊಳೆನರಸೀಪುರದ ನಮ್ಮ ಮನೆಯಲ್ಲಿ ಹನ್ನೊಂದು ಜನ, ಒಂದು ರೇಡಿಯೋ. ಪಲ್ಲವಿ ಮುಗಿಯುವುದರೊಳಗೆ ಯಾರೋ ಸ್ನಾನಕ್ಕೆ ನೀರು ಕೇಳುತ್ತಿದ್ದರು, ಇನ್ಯಾರೋ ಗಟ್ಟಿಯಾಗಿ ಮಂತ್ರ ಶುರುಮಾಡುತ್ತಿದ್ದರು. ಕೆಲಸ ಸಿಕ್ಕಿ ಅರಕಲಗೂಡಿಗೆ ಹೋದರೆ, ಬಾಡಿಗೆ ಮನೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಕೊನೆಗೆ ಹಾಸನದಲ್ಲಿ ಸ್ವಂತ ಮನೆಯಾಯಿತು. ನಾನು ಮತ್ತು ಅಮ್ಮ, ಇಬ್ಬರೇ. (ಮದುವೆ ಯಾಕಾಗಲಿಲ್ಲ ಅನ್ನುವುದು ಬೇರೆ ಅಂಕಣ. ಬರೆಯುವುದಿಲ್ಲ ಬಿಡಿ.)

ಇನ್ನು ಹಾಡೇ ಹಾಡು ಅಂದುಕೊಳ್ಳುವಷ್ಟರಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಬರುತ್ತಿತ್ತು, ಆದರೆ ಕೂಗಲು ದನಿ ಇರಲಿಲ್ಲ. ಅದಕ್ಕೇ ಮಂಚದ ಪಕ್ಕದಲ್ಲಿ ಒಂದು ಸ್ಟೀಲ್ ಚೊಂಬು, ಒಂದು ಚಮಚ. ಒಂದು ಸಲ ಟಣ್ ಅಂದರೆ ನೀರು ಬೇಕು. ಎರಡು ಸಲ ಅಂದರೆ ಮಗ್ಗುಲು ಬದಲಾಯಿಸು. ಮೂರು ಸಲ ಅಂದರೆ ಏನೂ ಬೇಡ, ಸುಮ್ಮನೆ ಬಾ.

ಆ ವರ್ಷವೇ ಹೆಡ್‌ಫೋನ್ ಕೊಂಡದ್ದು. ಒಂದು ಸಂಜೆ ನಡುಮನೆಯಲ್ಲಿ ಕೂತು ಎರಡೂ ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ. ಎಂಟು ನಿಮಿಷದ ಹಾಡು. ಎಂಥ ಸುಖ ಅಂತೀರಿ! ಮುಗಿಸಿ ಒಳಗೆ ಹೋದರೆ ಚೊಂಬು ನೆಲದ ಮೇಲೆ ಬಿದ್ದಿದೆ, ಅಮ್ಮನ ಸೀರೆಯೆಲ್ಲ ಒದ್ದೆ, ಎಡಗೈಯಲ್ಲಿ ಚಮಚ ಹಾಗೇ ಇದೆ. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದಳೋ. ಬೈಯಲಿ ಅಂತ ನಿಂತೆ.

“ಹಾಡು ಮುಗೀತೇನೇ?” ಅಂದಳು.

ಬೈದಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆ. ಅವತ್ತಿನಿಂದ ಹೆಡ್‌ಫೋನಿನ ಬಲಗಡೆಯ ಕುಶನ್ನನ್ನು ಕಿವಿಯಿಂದ ಹೊರಕ್ಕೆ ತಿರುಗಿಸಿಕೊಂಡೇ ಕೂರುತ್ತಿದ್ದೆ. ಅಮ್ಮನ ಕೋಣೆ ಇದ್ದದ್ದು ಬಲಕ್ಕೆ. ಎಡಗಿವಿಗೆ ಸಂಗೀತ, ಬಲಗಿವಿಗೆ ಚೊಂಬು. ಆರು ವರ್ಷ ನನ್ನ ಸ್ಟೀರಿಯೋ ಇದೇ. ಸುಳ್ಳು ಯಾಕೆ ಹೇಳಲಿ, ಎಷ್ಟೋ ಸಲ ಗೊಣಗಿದ್ದೇನೆ. ಒಂದೇ ಒಂದು ಹಾಡನ್ನು ನೆಮ್ಮದಿಯಾಗಿ ಕೇಳುವುದಕ್ಕೂ ಪುಣ್ಯ ಮಾಡಿರಬೇಕಾ ಅಂತ.

ಕಾರ್ತೀಕದಲ್ಲಿ ಅಮ್ಮ ಹೋದಳು.

ಮಾಸಿಕಕ್ಕೆ ಚನ್ನರಾಯಪಟ್ಟಣದಿಂದ ಬಂದ ತಮ್ಮ ಶ್ರೀಧರ ಅಮ್ಮನ ಖಾಲಿ ಕೋಣೆಯೊಳಗೆ ಇಣುಕಿದ. ಆಮೇಲೆ, ನೀನು ಇನ್ನಾದರೂ ಕೂತು ಹಾಡು ಕೇಳಕ್ಕ, ಈ ರೂಮನ್ನೇ ಅದಕ್ಕೆ ಮಾಡಿಕೋ ಅಂದ. ಮಂಚ ತೆಗೆಸಿದೆವು. ಒಂದು ಒರಗು ಕುರ್ಚಿ, ಒಂದು ಸಣ್ಣ ಮೇಜು ಬಂತು. ನಾನು ಮೊಬೈಲಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿ, ಸದ್ದು ಪ್ರತಿಧ್ವನಿಸಬಾರದು ಅಂತ ಗೋಡೆಗೆಲ್ಲ ಜಮಖಾನ ಹೊಡೆಸಿದೆ. ಕಿಟಕಿಗೆ ಅಮ್ಮನ ಹಳೆಯ ನೂಲಿನ ಸೀರೆಗಳನ್ನು ಎರಡು ಮಡಿಕೆ ಮಾಡಿ ಕಟ್ಟಿದೆ. ಆಮೇಲೆಯೇ ಕುಮಾರನ ಅಂಗಡಿಗೆ ಹೋದದ್ದು.

ಹೊಸ ಹೆಡ್‌ಫೋನನ್ನು ಜೋಡಿಸಿಕೊಡಲು ಮನೆಗೆ ಬಂದ ಕುಮಾರ ಗೋಡೆಗಳನ್ನು ನೋಡಿ ನಕ್ಕ. “ಎಡ್‌ಫೋನ್‌ಗೆ ಗ್ವಾಡೆ ಯಾಕ್ ಮೇಡಂ? ಅದು ಕಿವಿ ಅತ್ರನೇ ಆಡೋದು. ಇದೆಲ್ಲ ಸ್ಪೀಕರ್ ಇಟ್ಟೋರ್ಗೆ ಕಣಿ.”

ಗಣಿತದ ಟೀಚರ್ ಫೇಲ್! ಆದರೂ ಸೀರೆ ಬಿಚ್ಚಲಿಲ್ಲ. ಬಿಚ್ಚುವ ಮನಸ್ಸಾಗಲಿಲ್ಲ.

ಅವನು ಹೋದ ಮೇಲೆ ಕುರ್ಚಿಯಲ್ಲಿ ಒರಗಿ, ಎರಡೂ ಕಿವಿ ಮುಚ್ಚಿ, ಅದೇ ಎಂಟು ನಿಮಿಷದ ಹಾಡು ಹಾಕಿದೆ. ಹೊರಗಿನ ಸದ್ದನ್ನು ಪೂರ್ತಿ ನುಂಗಿಹಾಕುವ ಹೆಡ್‌ಫೋನ್ ಅದು. ಹಾಡುವವರು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಮೂರನೇ ನಿಮಿಷಕ್ಕೆ ನನ್ನ ಕೈ ತಾನಾಗಿಯೇ ಮೇಲೆ ಹೋಗಿ ಬಲಗಡೆಯದನ್ನು ಸರಿಸಿತು. ಥೂ ನಿನ್ನ ಅಂತ ಕೈಯನ್ನು ಬೈದು ಮತ್ತೆ ಹಾಕಿಕೊಂಡೆ. ಅದು ಮತ್ತೆ ಸರಿಸಿತು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ನನಗೀಗ ಎರಡೂ ಇದೆ. ಅಗಿಯುವುದಕ್ಕೆ ಮನಸ್ಸಿಲ್ಲ.

ಬಲಗಿವಿಯನ್ನು ತೆರೆದಿಟ್ಟುಕೊಂಡು, ಮಂಚವಿದ್ದ ಜಾಗದ ಕಡೆ ತಿರುಗಿ ಕೂತೆ. ಬೀದಿಯಲ್ಲಿ ಆಲೂಗೆಡ್ಡೆ ಲಾರಿ ಹೋಯಿತು. ಪಕ್ಕದ ಮನೆಯ ಮಿಕ್ಸಿ ತಿರುಗಿ ನಿಂತಿತು. ಮೂರು ಸಲ ಟಣ್ ಅನ್ನಲಿ, ಎಂಥ ಹಾಡನ್ನಾದರೂ ಅರ್ಧಕ್ಕೆ ಬಿಟ್ಟು ಏಳುತ್ತೇನೆ ಅಂದುಕೊಂಡೆ. ಅಮ್ಮ ಬೇಕು ಅನ್ನಿಸಿತು. ಅರವತ್ತೆರಡು ವರ್ಷದವಳಿಗೆ ಹಾಗನ್ನಿಸಬಾರದೇ?

ಮಾರನೆಯ ದಿನ ಹೆಡ್‌ಫೋನನ್ನು ವಾಪಸ್ ತೆಗೆದುಕೊಂಡು ಹೋದೆ. ಸದ್ದು ತಡೆಯದೇ ಇರುವುದನ್ನು ಕೊಡು ಅಂದೆ. ಕುಮಾರ ನನ್ನ ಮುಖವನ್ನೇ ನೋಡಿದ. ಎಲ್ಲರೂ ಸದ್ದು ತಡೆಯುವುದನ್ನು ಕೇಳಿಕೊಂಡು ಬರುವಾಗ ಈಯಮ್ಮನಿಗೇನಾಗಿದೆ ಅನ್ನಿಸಿರಬೇಕು. ಕೊನೆಗೆ ಎರಡೂ ಕಡೆ ಜಾಲರಿ ಇರುವ ಒಂದನ್ನು ಒಳಗಿನಿಂದ ತಂದ.

“ಇದ್ರಲ್ಲಿ ಒರಗಿನ್ ಸದ್ದೆಲ್ಲ ಒಳಕ್ ಬತ್ತದೆ ಮೇಡಂ. ಆಮ್ಯಾಕೆ ನನ್ನ ಬಯ್ಕೋಬ್ಯಾಡಿ.”

ಎಲ್ಲಾ ಸದ್ದೂ ಬರುತ್ತೇನೋ ಕುಮಾರ ಅಂತ ನಾನು ಎರಡೆರಡು ಸಲ ಕೇಳಿದೆ.