ಆಲೂಗಡ್ಡೆಯ ಹೋಳು, ದೋಣಿಯ ಹಗ್ಗ

ಬಟ್ಟೆ ಒಣಹಾಕಿದೆ, ಬಾಲ್ಕನಿಯ ಧೂಳು ಒರೆಸಿದೆ, ಏಸಿ ರಿಪೇರಿಯವನಿಗೆ ಫೋನ್ ಮಾಡಿದೆ, ಪಲ್ಯಕ್ಕೆ ಆಲೂಗಡ್ಡೆ ಹೆಚ್ಚಲು ಕೂತೆ. ಹಸಿ ಹೋಳು ಕೈಗೆ ಬಂದರೆ ಸಾಕು, ಸೀಬ್ ಕಡಲತೀರದ ಆ ದೋಣಿ ಚಾಚಾ ನೆನಪಾಗುತ್ತಾರೆ. ನೀರಿನಡಿ ನೋಡುವ ಮಾಸ್ಕಿನ ಗಾಜಿಗೆ ಮಂಜು ಕಟ್ಟದಿರಲೆಂದು ಅವರು ಹಸಿ ಆಲೂಗಡ್ಡೆ ಉಜ್ಜುತ್ತಿದ್ದರು. ಎಲ್ಲದಕ್ಕೂ ಅವರದು ಒಂದೇ ಮಾತು: "ಶ್ವಯ್ ಶ್ವಯ್." ನಿಧಾನ, ನಿಧಾನ.

ಅವತ್ತು ನನ್ನನ್ನೂ ಮಗಳನ್ನೂ ಕರೆದೊಯ್ದು, ಹುಲ್ಲುಕಡ್ಡಿಯೂ ಇಲ್ಲದ ಬೋಳುಗಲ್ಲಿನ ದ್ವೀಪದ ಬಳಿ ಲಂಗರು ಹಾಕಿದರು. ನನಗೋ ಈಜು ಬಾರದು, ಆಮೆ ನೋಡುವ ಆಸೆಯೂ ಬಿಡದು.

"ಅಮ್ಮಾ, ಯೂ ವಾಚ್ ದಿ ಬ್ಯಾಗ್ಸ್," ಎಂದು ಮಗಳು ನಕ್ಕಳು.

ಚಾಚಾ ನನ್ನ ಲೈಫ್ ಜಾಕೆಟ್ಟಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡರು. "ಶ್ವಯ್ ಶ್ವಯ್, ಬೆಹನ್."

ಮಾಸ್ಕ್ ತೊಟ್ಟು ನೀರಿಗಿಳಿದರೆ, ಕೆಳಗೆ ಆಮೆಯೊಂದು ಪಾಚಿ ಮೇಯುತ್ತಿತ್ತು. ಅದು ಹೊರಟಿತು, ನಾನೂ ಭಯ ಮರೆತು ಅದರ ಹಿಂದೆಯೇ ಹೊರಟೆ. ಹಗ್ಗ ಒಮ್ಮೆಯೂ ಜಗ್ಗಲಿಲ್ಲ. ತಲೆಯೆತ್ತಿ ನೋಡಿದರೆ ದೋಣಿ ಎಷ್ಟೋ ದೂರ. ಹಗ್ಗ ಸಾಲದೆ ಚಾಚಾ ತೊಟ್ಟ ಬಟ್ಟೆಯಲ್ಲೇ ನೀರಿಗಿಳಿದು, ತುದಿ ಹಿಡಿದು ನನ್ನ ಹಿಂದೆ ಬರುತ್ತಿದ್ದರು.

ವಾಪಸ್ಸು ಹೊರಡುವ ಮುಂಚೆ ದೋಣಿಯಲ್ಲೇ ಮೂವರೂ ಚಪಾತಿ, ಆಲೂಗಡ್ಡೆ ಪಲ್ಯ ತಿಂದೆವು. ಮೊದಲು ನಿದ್ದೆಹೋದವಳು ಮಗಳು. ನನ್ನ ಒದ್ದೆ ಹೆಗಲಿಗೆ ಒರಗಿ, ಆ ಹಗ್ಗದ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು.